ಡೀಸೆಲ್ ಗಾಡಿಯಲ್ಲಿ ಆಯಿಲ್ ದೀಪ ಹತ್ತಿದರೆ ಏನು ಮಾಡಬೇಕು, ಎಲ್ಲಿಂದ ಹುಡುಕಬೇಕು

ಉಜಿರೆಯಿಂದ ನಮ್ಮ ಪಿಕಪ್‌ನಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಹಿಂದೆ ಲೋಡು, ಎರಡನೇ ಗೇರು. ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಎಣ್ಣೆ ಹಾಕುವ ಹಳೇ ಡಬ್ಬಿಯ ಚಿತ್ರ, ಮೂತಿಯ ತುದಿಯಲ್ಲಿ ಒಂದು ಹನಿ. ಆಕ್ಸಿಲರೇಟರ್ ಬಿಟ್ಟರೆ ಆರಿತು. ಒತ್ತಿದರೆ ಮತ್ತೆ ಹತ್ತಿತು. ಪಕ್ಕದಲ್ಲಿದ್ದ ಭಾವ "ಸ್ವಿಚ್ ಹೋಗಿರ್ಬೇಕು ಮಾರಾಯ, ಸುಮ್ನೆ ಹೋಗು" ಅಂದರು. ನಾನು ಅಗಲ ಇರುವ ಕಡೆ ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿದೆ. ಅವತ್ತು ಹಾಗೇ ಓಡಿಸಿದ್ದರೆ ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಹೋಗುತ್ತಿತ್ತು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಆಯಿಲ್ ದೀಪ ಹತ್ತಿದಾಗ ನೂರಕ್ಕೆ ನೂರು ಜನ ಸಲಹೆ ಕೊಡುತ್ತಾರೆ. ಸ್ವಿಚ್ ಅಂತಾರೆ, ಆಯಿಲ್ ಟಾಪ್ ಅಪ್ ಅಂತಾರೆ, ಪಂಪ್ ಅಂತಾರೆ. ನಾನು ಹೇಳುವುದು ಒಂದೇ: ಪ್ರೆಶರ್ ಗೇಜ್ ಹಾಕಿ ಅಳೆಯುವವರೆಗೆ ಯಾರ ಮಾತೂ ಊಹೆ ಅಷ್ಟೇ. ಅಳೆಯುವ ತನಕ ದೀಪ ನಿಜ ಹೇಳುತ್ತಿದೆ ಅಂತಲೇ ನಂಬಿ.

ಈ ದೀಪ ಹೇಳುವುದು ಏನು

ಇದು ಆಯಿಲ್ ಎಷ್ಟಿದೆ ಅಂತ ತೋರಿಸುವ ದೀಪ ಅಲ್ಲ. ಪ್ರೆಶರ್ ತೋರಿಸುವ ದೀಪ. ಕೆಲವು ಹೊಸ ಗಾಡಿಗಳಲ್ಲಿ ಆಯಿಲ್ ಮಟ್ಟಕ್ಕೆ ಬೇರೆ ಹಳದಿ ದೀಪ ಇರುತ್ತದೆ. ಕೆಂಪು ಬಂದರೆ ಪ್ರೆಶರ್.

ಎಂಜಿನ್ ಬ್ಲಾಕಿಗೆ, ಸಾಮಾನ್ಯವಾಗಿ ಆಯಿಲ್ ಫಿಲ್ಟರ್ ಹತ್ತಿರ, ಹೆಬ್ಬೆರಳಿನಷ್ಟು ಒಂದು ಸ್ವಿಚ್ ಇರುತ್ತದೆ. ಪ್ರೆಶರ್ ಇಲ್ಲದಾಗ ಅದು ದೀಪಕ್ಕೆ ಅರ್ಥ್ ಕೊಡುತ್ತದೆ, ದೀಪ ಉರಿಯುತ್ತದೆ. ಪ್ರೆಶರ್ ಬಂದಾಗ ಒಳಗಿನ ಪೊರೆ ತಳ್ಳಿಕೊಂಡು ಅರ್ಥ್ ಬಿಡುತ್ತದೆ, ದೀಪ ಆರುತ್ತದೆ. ಅದಕ್ಕೇ ಕೀ ಆನ್ ಮಾಡಿದಾಗ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಎರಡು ಮೂರು ಸೆಕೆಂಡಿನಲ್ಲಿ ಆರಲೇಬೇಕು. ಕೀ ಆನ್ ಮಾಡಿದಾಗ ಹತ್ತದೇ ಇದ್ದರೆ ಬಲ್ಬ್, ವೈರ್ ಅಥವಾ ಸ್ವಿಚ್ ಸತ್ತಿದೆ. ಅದನ್ನು ಇವತ್ತೇ ಸರಿ ಮಾಡಿಸಿ. ಅಂಥ ಗಾಡಿಯಲ್ಲಿ ಆಯಿಲ್ ಪೂರ್ತಿ ಖಾಲಿಯಾದರೂ ನಿಮಗೆ ಗೊತ್ತಾಗುವುದಿಲ್ಲ.

ಹೆಚ್ಚಿನ ಸ್ವಿಚ್‌ಗಳು 0.3ರಿಂದ 0.5 ಬಾರ್ (ಬಾರ್ ಅಂದರೆ ಪ್ರೆಶರಿನ ಅಳತೆ) ಹತ್ತಿರ ಕೆಲಸ ಮಾಡುತ್ತವೆ. ಬಿಸಿ ಎಂಜಿನ್ ಸ್ಲೋ ಸ್ಪೀಡಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಾ, ಇರುವಾಗಲೇ ಸುಮಾರು 1 ಬಾರ್ ಇರಬೇಕು. ಅಂದರೆ ದೀಪ ಹತ್ತುವ ಹೊತ್ತಿಗೆ ಪ್ರೆಶರ್ ಹೆಚ್ಚುಕಡಿಮೆ ಮುಗಿದಿದೆ. ಇದನ್ನು ಪೆಟ್ರೋಲ್ ರಿಸರ್ವ್ ದೀಪದ ಹಾಗೆ ನೋಡಬೇಡಿ. ರಿಸರ್ವ್ ಬಂದ ಮೇಲೂ ನಲವತ್ತು ಕಿಲೋಮೀಟರ್ ಹೋಗಬಹುದು. ಇಲ್ಲಿ ನಲವತ್ತು ಸೆಕೆಂಡೂ ಜಾಸ್ತಿ.

ಡೀಸೆಲ್‌ಗೆ ಇದು ಇನ್ನೂ ದೊಡ್ಡ ವಿಷಯ. ಕಂಪ್ರೆಶನ್ ಜಾಸ್ತಿ, ಕ್ರ್ಯಾಂಕ್ ಕೂತು ತಿರುಗುವ ಬೇರಿಂಗ್ ಮೇಲೆ ಬೀಳುವ ಪೆಟ್ಟು ಜಾಸ್ತಿ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಇರುವ ಆಯಿಲ್ ಪದರ ಕೂದಲಿಗಿಂತ ತೆಳು. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಅದನ್ನು ಹಿಡಿದಿರುವುದೂ ಆಯಿಲ್ ಪದರವೇ. ಸ್ವಿಫ್ಟ್, ರಿಟ್ಜ್, ವಿಸ್ಟಾ, ಪುಂಟೊ ಗಾಡಿಗಳಲ್ಲಿ ಬರುತ್ತಿದ್ದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಗೊತ್ತಲ್ವಾ? ಅದರಲ್ಲಿ ಟೈಮಿಂಗ್ ಚೈನ್ ಬಿಗಿ ಇರುವುದೂ ಆಯಿಲ್ ಪ್ರೆಶರಿನಿಂದಲೇ. ಪ್ರೆಶರ್ ಇಲ್ಲದಿದ್ದರೆ ಚೈನ್ ಸಡಿಲ ಬಿದ್ದು ಹಲ್ಲು ಹಾರುವ ಅಪಾಯವೂ ಇದೆ.

ಮೊದಲು ನಿಲ್ಲಿಸಿ

ಆಕ್ಸಿಲರೇಟರ್ ಬಿಡಿ, ಹಜಾರ್ಡ್ ಲೈಟ್ ಹಾಕಿ, ಪಕ್ಕಕ್ಕೆ ತನ್ನಿ, ಆಫ್ ಮಾಡಿ. ಒಂದು ಎಚ್ಚರಿಕೆ: ಘಾಟಿ ಇಳಿಯುತ್ತಿದ್ದರೆ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನ ಹಾಗೆ ಆಗುತ್ತದೆ, ಸ್ಟೀರಿಂಗ್ ಭಾರ ಆಗುತ್ತದೆ. ಎಂಜಿನ್ ಉಳಿಸಲು ಹೋಗಿ ಪ್ರಾಣ ಕಳೆದುಕೊಳ್ಳಬಾರದು. ಗಾಡಿ ನಿಂತ ಮೇಲೆಯೇ ಕೀ ತಿರುಗಿಸಿ.

ನಿಲ್ಲಿಸುವ ಮುಂಚಿನ ಆ ಕೆಲವು ಸೆಕೆಂಡಿನಲ್ಲಿ ಕಿವಿ ಕೊಟ್ಟು ಕೇಳಿ. ಮೇಲಿನಿಂದ, ಹೆಡ್ ಕಡೆಯಿಂದ, ಹೊಲಿಗೆ ಮೆಷಿನ್ ತರಹ ಟಕ ಟಕ ಬರುತ್ತಿದ್ದರೆ ವಾಲ್ವ್ ಆಡಿಸುವ ಟ್ಯಾಪೆಟ್‌ಗೆ ಆಯಿಲ್ ಸಿಗುತ್ತಿಲ್ಲ. ಕೆಳಗಿನಿಂದ ದಪ್ಪ ಸದ್ದು, ಡಬ್ ಡಬ್ ಅಂತ ಸುತ್ತಿಗೆ ಹೊಡೆದ ಹಾಗೆ ಬಂದರೆ ಅದು ಬೇರಿಂಗ್. ಈ ಎರಡನೇ ಸದ್ದು ಕೇಳಿದ ಮೇಲೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ನೇರ ಟೋ ಮಾಡಿಸಿ.

ಆಯಿಲ್ ಕಡ್ಡಿ ಓದುವುದು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಮೇಲಿರುವ ಆಯಿಲ್ ಕೆಳಗೆ ಇಳಿಯಬೇಕು. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು 1 ಲೀಟರ್ ವ್ಯತ್ಯಾಸ.

ಕಡ್ಡಿಗೆ ಆಯಿಲೇ ಅಂಟದಿದ್ದರೆ ಕಾರಣ ಅರ್ಧ ಸಿಕ್ಕಿತು. ಕೆಳಗೆ ಬಗ್ಗಿ ನೋಡಿ. ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರ್ ಕೂರುವ ಜಾಗ, ಟ್ಯಾಪೆಟ್ ಕವರ್, ಗೇರ್‌ಬಾಕ್ಸ್ ಸೇರುವ ಕಡೆಯ ಸೀಲ್, ಇವೆಲ್ಲ ಸೋರುವ ಜಾಗ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ಗೆ ಕಲ್ಲು ಹೊಡೆದು ಬಿರುಕು ಬಿಟ್ಟಿದೆಯಾ ನೋಡಿ. ಎಲ್ಲೂ ಸೋರಿಕೆ ಕಾಣದೆ ನೀಲಿ ಹೊಗೆ ಬರುತ್ತಿದ್ದರೆ ಟರ್ಬೋ ಅಥವಾ ಪಿಸ್ಟನ್ ರಿಂಗ್ ಆಯಿಲ್ ತಿನ್ನುತ್ತಿದೆ. ಹನಿ ಹನಿಯಾಗಿ ಸೋರುತ್ತಿದ್ದರೆ ಸರಿಯಾದ ಆಯಿಲ್ ಹಾಕಿ, ಸ್ಟಾರ್ಟ್ ಮಾಡಿ, ಐದು ಸೆಕೆಂಡ್ ನೋಡಿ. ದೀಪ ಆರದಿದ್ದರೆ ಆಫ್ ಮಾಡಿ, ಮತ್ತೆ ಪ್ರಯತ್ನ ಮಾಡಬೇಡಿ. ಧಾರೆಯಾಗಿ ಸೋರುತ್ತಿದ್ದರೆ ಆಯಿಲ್ ಹಾಕಿಯೂ ಪ್ರಯೋಜನ ಇಲ್ಲ.

ಮಟ್ಟ ಸರಿ ಇದ್ದೂ ದೀಪ ಹತ್ತಿದ್ದರೆ ಅದು ಸಮಾಧಾನದ ವಿಷಯ ಅಲ್ಲ. ಅದು ಇನ್ನೂ ಕೆಟ್ಟ ಸುದ್ದಿ, ಯಾಕೆಂದರೆ ಆಯಿಲ್ ಇದೆ, ಆದರೆ ಹೋಗಬೇಕಾದ ಕಡೆ ಹೋಗುತ್ತಿಲ್ಲ.

ಮೇಲಿನ ಗುರುತಿಗಿಂತ ಜಾಸ್ತಿ ಇದ್ದರೆ? ಡೀಸೆಲ್ ಗಾಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ, ನೋಡಲೇಬೇಕು. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ, ಏನೋ ಸೇರಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ನಿಯಮದ) ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದನ್ನು ಸುಟ್ಟು ಸ್ವಚ್ಛ ಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಹಾಕುತ್ತದೆ. ದಿನಾ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಆ ಡೀಸೆಲ್‌ನಲ್ಲಿ ಒಂದಷ್ಟು ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಹಳೇ ಗಾಡಿಗಳಲ್ಲಿ ಇಂಜೆಕ್ಟರ್ ಅಥವಾ ಡೀಸೆಲ್ ಪಂಪ್ ಸೋರಿ ಹೀಗಾಗುತ್ತದೆ. ಡೀಸೆಲ್ ಸೇರಿದ ಆಯಿಲ್ ನೀರಾಗುತ್ತದೆ, ನೀರಾದ ಆಯಿಲ್ ಪ್ರೆಶರ್ ಹಿಡಿಯುವುದಿಲ್ಲ.

ಪರೀಕ್ಷೆ ಸುಲಭ. ಎರಡು ಬೆರಳಿನ ನಡುವೆ ಉಜ್ಜಿ, ಜಿಗುಟು ಇದೆಯಾ ನೋಡಿ. ಮೂಸಿ ನೋಡಿ. ಟಿಶ್ಯೂ ಪೇಪರ್ ಮೇಲೆ ಒಂದು ಹನಿ ಬಿಟ್ಟು ಒಂದು ಗಂಟೆ ಬಿಡಿ. ನಡುವೆ ಕಪ್ಪು ಚುಕ್ಕಿ, ಸುತ್ತ ಅಗಲವಾಗಿ ಎಣ್ಣೆ ತಿಂಡಿ ಕಟ್ಟಿದ ಕಾಗದದ ಹಾಗೆ ಪಾರದರ್ಶಕ ಉಂಗುರ ಬಂದರೆ ಡೀಸೆಲ್ ಸೇರಿದೆ ಅಂತ ಅನುಮಾನ ಪಡಿ. ಈ ಸ್ಥಿತಿಯಲ್ಲಿ ಗಾಡಿ ಓಡಿಸುವುದು ಅಪಾಯ. ಜಾಸ್ತಿಯಾದ ಆಯಿಲನ್ನು ಎಂಜಿನ್ ತಾನೇ ಎಳೆದುಕೊಂಡು ಕುಡಿಯಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲದೆ ರೇಸ್ ಆಗುತ್ತಾ ಹೋಗಬಹುದು.

ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಚಿಕ್ಕ ಚಿಕ್ಕ ಓಡಾಟ ಮಾಡುವ ಗಾಡಿಗಳಲ್ಲಿ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಕೆನೆ ಕಟ್ಟುತ್ತದೆ, ಅದು ತೇವದಿಂದ. ಕಡ್ಡಿಯಲ್ಲಿ ಆಯಿಲ್ ಚೆನ್ನಾಗಿದ್ದು, ಕೂಲೆಂಟ್ ಕಡಿಮೆಯಾಗದಿದ್ದರೆ ಅದಕ್ಕೆ ಹೆದರಬೇಡಿ. ಹಾಗೆಯೇ ಡೀಸೆಲ್ ಎಂಜಿನ್ ಆಯಿಲ್ ಕಪ್ಪಾಗಿದೆ ಅಂತಲೂ ಹೆದರಬೇಡಿ. ಹೊಸದು ಹಾಕಿ ಸ್ವಲ್ಪ ದೂರ ಓಡಿಸಿದರೂ ಮಸಿ ಸೇರಿ ಕಪ್ಪಾಗುತ್ತದೆ.

ದೀಪ ಯಾವಾಗ ಹತ್ತಿತು?

ಮೆಕ್ಯಾನಿಕ್ ಹತ್ತಿರ ಹೋದಾಗ "ಲೈಟ್ ಬರ್ತಿದೆ" ಅಂತ ಅಷ್ಟೇ ಹೇಳಬೇಡಿ. ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಮಿಣುಕಿದರೆ ಆಯಿಲ್ ಕಡಿಮೆ ಇದೆ, ಪಂಪ್ ಗಾಳಿ ಎಳೆಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನಾಲ್ಕೈದು ಸೆಕೆಂಡ್ ಇದ್ದು ಆರಿದರೆ ಫಿಲ್ಟರ್ ಮೇಲೆ ಅನುಮಾನ ಪಡಿ. ಒಳ್ಳೆಯ ಫಿಲ್ಟರ್ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ರಾತ್ರಿಯೆಲ್ಲ ಆಯಿಲ್ ಕೆಳಗಿಳಿಯದ ಹಾಗೆ ತಡೆಯುತ್ತದೆ. ಡೂಪ್ಲಿಕೇಟ್ ಫಿಲ್ಟರ್‌ಗಳಲ್ಲಿ ಅದು ಗಟ್ಟಿಯಾಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಐವತ್ತು ನೂರು ರೂಪಾಯಿ ಉಳಿಸಲು ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ದೂರ ಓಡಿಸಿ ಬಿಸಿಯಾದ ಮೇಲೆ, ಸಿಗ್ನಲ್‌ನಲ್ಲಿ ನಿಂತಾಗ ಮಿಣುಕಿ, ರೇಸ್ ಕೊಟ್ಟರೆ ಆರಿದರೆ ಆಯಿಲ್ ತೆಳುವಾಗಿದೆ ಅಥವಾ ಬೇರಿಂಗ್, ಪಂಪ್ ಸವೆದಿದೆ. ಇದಕ್ಕೆ ತಿರುಗಾ ಮುರುಗಾ, ರೇಸ್ ಕೊಟ್ಟಾಗ ಹತ್ತಿ, ಸ್ಲೋ ಸ್ಪೀಡಿನಲ್ಲಿ ಆರಿದರೆ ಪಂಪ್‌ಗೆ ಬೇಕಾದಷ್ಟು ಆಯಿಲ್ ಎಳೆಯಲು ಆಗುತ್ತಿಲ್ಲ. ಪಂಪಿನ ಬಾಯಿಗೆ ಇರುವ ಜಾಲರಿ, ಅಂದರೆ ಸ್ಟ್ರೈನರ್, ಕಟ್ಟಿಕೊಂಡಿದೆ. ನನ್ನ ಗಾಡಿಯದ್ದು ಇದೇ. ಇನ್ನೊಂದು ಗುರುತು: ಹತ್ತು ನಿಮಿಷ ನಿಲ್ಲಿಸಿ ಹೊರಟರೆ ಸ್ವಲ್ಪ ಹೊತ್ತು ಎಲ್ಲ ಸರಿ ಇರುತ್ತದೆ. ಎಳೆತ ನಿಂತಾಗ ಕಸ ಜಾಲರಿಯಿಂದ ಕೆಳಗೆ ಬಿದ್ದಿರುತ್ತದೆ. ಮತ್ತೆ ಏರು ಬಂದಾಗ ಮತ್ತೆ ಬಂದು ಕೂರುತ್ತದೆ. ಈ ನಡುವಿನ "ಸರಿ ಹೋಯ್ತು" ಅನ್ನುವ ಭಾವನೆಯೇ ಎಷ್ಟೋ ಎಂಜಿನ್ ಕೆಡಿಸಿದೆ.

ಸ್ವಿಚ್ ಮತ್ತು ವೈರ್

ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಆಯಿಲ್ ಇದ್ದರೆ ಸ್ವಿಚ್ ಒಳಗಿನ ಪೊರೆ ಹರಿದಿದೆ, ಬದಲಿಸಿ. ಒಂದೇ ವೈರ್ ಇರುವ ಹಳೇ ಮಾದರಿಯ ಗಾಡಿಯಾದರೆ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ವೈರ್ ತೆಗೆದು, ಯಾವುದಕ್ಕೂ ತಾಗದ ಹಾಗೆ ಇಟ್ಟು, ಕೀ ಆನ್ ಮಾಡಿ. ದೀಪ ಆರಿದ್ದರೆ ವೈರ್ ಸರಿ ಇದೆ. ಆಗಲೂ ಉರಿಯುತ್ತಿದ್ದರೆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗುತ್ತಿದೆ. ಇಲಿ ಕಡಿದಿರುವುದೂ ಉಂಟು. ಕಂಪ್ಯೂಟರ್ ಮೂಲಕ ದೀಪ ಹತ್ತುವ, ಎರಡು ಮೂರು ವೈರಿನ ಸೆನ್ಸರ್ ಇರುವ ಗಾಡಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಸ್ಕ್ಯಾನರ್ ಹಾಕಬೇಕು.

ಈ ಹಂತದಲ್ಲಿ ಹೆಚ್ಚಿನವರು ಹೊಸ ಸ್ವಿಚ್ ಹಾಕಿ "ನೋಡೋಣ" ಅಂತ ಕಳಿಸಿಬಿಡುತ್ತಾರೆ. ಸ್ವಿಚ್ ಹಾಳಾಗುವುದು ನಿಜ. ಆದರೆ ಹೇಗೂ ಸ್ವಿಚ್ ಬಿಚ್ಚುತ್ತೀರಿ ಅಲ್ವಾ? ಅದೇ ತೂತಿಗೆ ಗೇಜ್ ಹಾಕಲು ಇನ್ನು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡದ ಗ್ಯಾರೇಜಿಗೆ ನಾನು ಗಾಡಿ ಬಿಡುವುದಿಲ್ಲ.

ಗೇಜ್ ಹಾಕುವುದು

0ರಿಂದ 10 ಬಾರ್ ತೋರಿಸುವ ಮೆಕ್ಯಾನಿಕಲ್ ಗೇಜ್, ಒಂದು ಹೋಸ್, ಬೇರೆ ಬೇರೆ ಥ್ರೆಡ್ಡಿನ ಅಡಾಪ್ಟರ್‌ಗಳು. ಸೆಟ್ ಆಗಿಯೇ ಸಿಗುತ್ತದೆ. ಸ್ವಿಚ್ ಬಿಚ್ಚಿ, ಅದರ ಥ್ರೆಡ್ಡಿಗೆ ಹೊಂದುವ ಅಡಾಪ್ಟರ್ ಅನ್ನು ಮೊದಲು ಕೈಯಲ್ಲೇ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಬೇರೆ ಥ್ರೆಡ್. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಹೋಸ್ ಫ್ಯಾನಿಗೆ, ಬೆಲ್ಟಿಗೆ, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಕಟ್ಟಿ. ಬಿಸಿ ಆಯಿಲ್ ಸಿಡಿದರೆ ಚರ್ಮ ಸುಲಿದು ಬರುತ್ತದೆ.

ಸ್ಟಾರ್ಟ್ ಮಾಡಿ. ಐದಾರು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ತಣ್ಣಗಿರುವಾಗ 3, 4 ಬಾರ್ ಅಥವಾ ಅದಕ್ಕೂ ಮೇಲೆ ತೋರಿಸಬಹುದು, ಅದನ್ನು ನಂಬಿ ಕೂರಬೇಡಿ. ಪೂರ್ತಿ ಬಿಸಿಯಾದ ಮೇಲಿನ ಅಳತೆಯೇ ಮುಖ್ಯ. ಸ್ಲೋ ಸ್ಪೀಡಿನಲ್ಲಿ ಒಂದು, 2000 ಆರ್‌ಪಿಎಂನಲ್ಲಿ ಒಂದು, 3000ದಲ್ಲಿ ಒಂದು ಅಳತೆ ಬರೆದುಕೊಳ್ಳಿ. 2500ರಲ್ಲಿ ಒಂದು ನಿಮಿಷ ಹಿಡಿದು ಮುಳ್ಳು ನಿಂತಲ್ಲೇ ನಿಲ್ಲುತ್ತದಾ ನೋಡಿ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಸಂಖ್ಯೆಯೇ ಕೊನೆಯ ಮಾತು. ಅದು ಕೈಗೆ ಸಿಗದಿದ್ದರೆ ಗ್ಯಾರೇಜಿನವರ ಹಳೇ ಲೆಕ್ಕ ಇದೆ: ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್ಐ. 1 ಬಾರ್ ಅಂದರೆ 14.5 ಪಿಎಸ್ಐ.

ಎಲ್ಲ ಕಡೆ ಪ್ರೆಶರ್ ಚೆನ್ನಾಗಿದ್ದರೆ ಆಗ ಸ್ವಿಚ್ ಬದಲಿಸಿ, ನೆಮ್ಮದಿಯಿಂದ ಹೋಗಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಬಿದ್ದರೆ ಆಯಿಲ್ ತೆಳು ಅಥವಾ ಬೇರಿಂಗ್ ಸವೆತ. ಯಾವಾಗಲೂ ಕಡಿಮೆ, ರೇಸ್ ಕೊಟ್ಟರೂ ಏರುವುದಿಲ್ಲ ಅಂದರೆ ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್ ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಪಂಪ್ ಹೋಗಿರಬಹುದು. ಮುಳ್ಳು ನಡುಗುತ್ತಿದ್ದರೆ ಗಾಳಿ ಸೇರುತ್ತಿದೆ, ಸ್ಟ್ರೈನರ್ ಪೈಪಿನ ಓ-ರಿಂಗ್ ನೋಡಿಸಿ. ಮೊದಲು ಏರಿ, ಹಿಡಿದಷ್ಟು ಹೊತ್ತೂ ಇಳಿಯುತ್ತಾ ಹೋದರೆ ಸ್ಟ್ರೈನರ್.

ನಮ್ಮ ಪಿಕಪ್ ಅನ್ನು ಮೂಡಿಗೆರೆಗೆ ಟೋ ಮಾಡಿಸಿ ಗೇಜ್ ಹಾಕಿದಾಗ ಬಿಸಿಯಲ್ಲಿ ಸ್ಲೋ ಸ್ಪೀಡ್ 1.2 ಬಾರ್. ಅಷ್ಟನ್ನೇ ನೋಡಿದ್ದರೆ ಸ್ವಿಚ್ಚೇ ಅನ್ನುತ್ತಿದ್ದೆವು. 2500ರಲ್ಲಿ ಹಿಡಿದಾಗ 3ಕ್ಕೆ ಹೋಯಿತು. ಆಮೇಲೆ ಮುಳ್ಳು ನಿಧಾನವಾಗಿ, ಗಡಿಯಾರದ ಮುಳ್ಳು ಹಿಂದಕ್ಕೆ ಬಂದ ಹಾಗೆ, 2, ಒಂದೂವರೆ, 0.8. ಅಲ್ಲಿಗೆ ಆಫ್ ಮಾಡಿಸಿದೆ. ಭಾವ ಒಂದು ಮಾತೂ ಆಡಲಿಲ್ಲ.

ಬಿಚ್ಚುವ ಕೆಲಸ

ಮೊದಲು ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ನೋಡಿಸಿ. ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಹೊಳೆಯುತ್ತದೆ. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ. ಅಂಟದೆ ತಾಮ್ರ, ಬೆಳ್ಳಿ ಬಣ್ಣದಲ್ಲಿ ಹೊಳೆದರೆ ಬೇರಿಂಗಿನ ಲೋಹ, ಎಂಜಿನ್ ಬಿಚ್ಚಿ ಕೆಲಸ ಮಾಡಿಸಬೇಕು ಅಂತ.

ನಮ್ಮದರಲ್ಲಿ ಲೋಹ ಇರಲಿಲ್ಲ. ಚೇಂಬರ್ ಇಳಿಸಿದಾಗ ಕಾರಣ ಕಣ್ಣೆದುರಿಗೇ ಇತ್ತು. ಸ್ಟ್ರೈನರ್ ಜಾಲರಿ ಅಂಗೈಯಗಲ ಇತ್ತು, ಅದರ ಮುಕ್ಕಾಲು ಭಾಗ ಅಕ್ಕಿ ಕಾಳಿನಷ್ಟು ಬೂದು ಬಣ್ಣದ ರಬ್ಬರ್ ತುಂಡುಗಳು. ಉಗುರಿನಿಂದ ಎಳೆದರೆ ಹಿಗ್ಗಿ ಪಟ್ ಅಂತ ಬಿಟ್ಟುಕೊಳ್ಳುತ್ತಿದ್ದವು. ಎರಡು ತಿಂಗಳ ಹಿಂದೆ ಇನ್ನೊಂದು ಗ್ಯಾರೇಜಿನಲ್ಲಿ ಚೇಂಬರ್ ಸೋರಿಕೆ ಸರಿ ಮಾಡಿಸಿದ್ದೆ. ಗ್ಯಾಸ್ಕೆಟ್ ಪೇಸ್ಟ್ ಧಾರಾಳವಾಗಿ ಬಳಿದು ಬೋಲ್ಟ್ ಬಿಗಿ ಮಾಡಿದ್ದರು. ಹೊರಗೆ ಉಕ್ಕಿದ್ದನ್ನು ಒರೆಸಿದ್ದರು. ಒಳಗೆ ಉಕ್ಕಿದ್ದು ಕಾಣುವುದಿಲ್ಲವಲ್ಲ, ಅದು ಗಟ್ಟಿಯಾಗಿ ಕಳಚಿ ಬಿದ್ದಿತ್ತು. ಪೇಸ್ಟ್ ಎಳೆ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಮುಂದಿನ ಸಲ ಚೇಂಬರ್ ಕೂರಿಸುವಾಗ ಪಕ್ಕದಲ್ಲೇ ನಿಂತು ಇದನ್ನು ನೋಡಿ.

ಸ್ಟ್ರೈನರ್ ಕಟ್ಟಲು ಇನ್ನೊಂದು ಕಾರಣ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್. ಅದು ಸೋರಿದರೆ ಚಫ್ ಚಫ್ ಸದ್ದು, ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ. ಆ ಬಿಸಿ ಗ್ಯಾಸ್ ಒಳಗಿನ ಆಯಿಲನ್ನೂ ಸುಟ್ಟು ಇದ್ದಿಲು ಮಾಡುತ್ತದೆ. ಬರೀ ವಾಷರ್ ಬದಲಿಸಿದರೆ ಸಾಲದು. ಸ್ಟ್ರೈನರ್ ತೊಳೆದು, ಟರ್ಬೋಗೆ ಹೋಗುವ ಆಯಿಲ್ ಪೈಪನ್ನೂ ಸ್ವಚ್ಛ ಮಾಡಿಸಬೇಕು.

ಚೇಂಬರ್ ಕೆಳಗಿರುವಾಗಲೇ ರಿಲೀಫ್ ವಾಲ್ವ್ ಸಲೀಸಾಗಿ ಆಡುತ್ತದಾ, ಕಲ್ಲಿನ ಪೆಟ್ಟಿಗೆ ಚೇಂಬರ್ ತಳ ಒಳಕ್ಕೆ ಬಂದು ಸ್ಟ್ರೈನರ್‌ಗೆ ಅಂಟಿತ್ತಾ ನೋಡಿಸಿ. ಒಂದು ಬೇರಿಂಗ್ ಕ್ಯಾಪ್ ಬಿಚ್ಚಿಸಿ. ಬೂದು ಬಣ್ಣ ಹೋಗಿ ತಾಮ್ರ ಕಾಣುತ್ತಿದ್ದರೆ ಬೇರಿಂಗ್ ಬದಲಿಸಲೇಬೇಕು.

ಎರಡು ಅಡ್ಡದಾರಿಗಳನ್ನು ಯಾರೇ ಹೇಳಿದರೂ ಹಿಡಿಯಬೇಡಿ. ಒಂದು, ದಪ್ಪ ಆಯಿಲ್ ಹಾಕಿ ದೀಪ ಆರಿಸುವುದು. ದೀಪ ಆರುತ್ತದೆ, ಸವೆತ ನಿಲ್ಲುವುದಿಲ್ಲ. ಹಳೇ ಎಂಜಿನ್ನಿಗೆ ಕಂಪನಿ 15ಡಬ್ಲ್ಯು-40 ದಪ್ಪದ ಆಯಿಲ್ ಹೇಳಿದ್ದರೆ ಅದೇ ಹಾಕಿ, ಡಿಪಿಎಫ್ ಇರುವ ಗಾಡಿಗೆ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್. ಎರಡು, ಮಡ್ಡಿ ಕಟ್ಟಿದ ಎಂಜಿನ್ನಿಗೆ ಸೀಮೆಎಣ್ಣೆ, ಡೀಸೆಲ್ ಹಾಕಿ ಫ್ಲಶ್ ಮಾಡುವುದು. ಕಳಚಿದ ಮಡ್ಡಿಯೆಲ್ಲ ನೇರ ಸ್ಟ್ರೈನರಿಗೇ ಬರುತ್ತದೆ.

ಕೂಡಿಸಿದ ಮೇಲೆ ಮೊದಲ ಸ್ಟಾರ್ಟ್

ಫಿಲ್ಟರ್ ಬಾಯಿ ಮೇಲೆ ಮಾಡಿ ಕೂರುವ ಗಾಡಿಯಾದರೆ ಅದಕ್ಕೆ ಮೊದಲೇ ಆಯಿಲ್ ತುಂಬಿಸಿ. ಡೀಸೆಲ್ ಪಂಪಿನ ವೈರ್ ಅಥವಾ ರಿಲೇ ತೆಗೆಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ, ನಡುವೆ ಬಿಡುವು ಕೊಡಿ. ಗೇಜ್ ಇನ್ನೂ ಹಾಕಿಯೇ ಇರಲಿ. ಮುಳ್ಳು ಏಳುವುದು ಕಂಡ ಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿ, ಐದು ನಿಮಿಷ ಸ್ಲೋ ಸ್ಪೀಡಿನಲ್ಲೇ ಬಿಡಿ. ಸ್ಟಾರ್ಟ್ ಆದ ತಕ್ಷಣ ರೇಸ್ ಕೊಡುವ ಅಭ್ಯಾಸ ಕೆಲವರಿಗೆ ಇದೆ, ಟರ್ಬೋ ಒಣಗಿರುತ್ತದೆ, ತಡೆಯಿರಿ. ಪೂರ್ತಿ ಬಿಸಿಯಾದ ಮೇಲೆ ಮತ್ತೆ ಮೂರೂ ಅಳತೆ ತೆಗೆದು, ಮೊದಲಿನದ್ದರ ಪಕ್ಕದಲ್ಲೇ ಬರೆದಿಡಿ.

ನಮ್ಮ ಗಾಡಿ 2500ರಲ್ಲಿ ಒಂದು ನಿಮಿಷ ಹಿಡಿದರೂ 3.4 ಬಾರ್‌ನಲ್ಲೇ ನಿಂತಿತು. ಸ್ವಿಚ್ ಹಳೆಯದೇ ಇದೆ. ಸಾವಿರ ಕಿಲೋಮೀಟರಿಗೆ ಮತ್ತೆ ಫಿಲ್ಟರ್ ಬಿಚ್ಚಿ ಕತ್ತರಿಸಿದೆ, ಎರಡು ಬೂದು ತುಂಡು ಸಿಕ್ಕವು. ಅದರ ಮುಂದಿನ ಫಿಲ್ಟರಿನಲ್ಲಿ ಒಂದೂ ಇರಲಿಲ್ಲ.